ಈಜುಡುಗೆ: ಬಟ್ಟೆ, ವೇಗ ಮತ್ತು ನೀರಿನ ಹಕ್ಕು

ಈಜಿಗೆ ಸಂಬಂಧಿಸಿದ ಮಾತುಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಹಳಗನ್ನಡದ 'ಈಸು' ಇಂದು 'ಈಜು' ಆಗಿ ಉಳಿದಿದೆ. ಮೀಯು, ತೇಲು, ಮುಳುಗು, ಧುಮುಕು ಮೊದಲಾದ ಕ್ರಿಯಾಪದಗಳು ದಿನಬಳಕೆಯಲ್ಲಿವೆ. ಮಹಾಕಾವ್ಯಕ್ಕೆ ಲಾಕ್ಷಣಿಕರು ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದೆಂಬುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಆದರೆ ನೀರಿಗೆ ಇಳಿಯುವಾಗ ತೊಡಲೆಂದೇ ಹೊಲಿದ ಬಟ್ಟೆಗೆ ನಮ್ಮ ಹಳೆಯ ನುಡಿಯಲ್ಲಿ ಬೇರೆ ಹೆಸರು ಬೇಕಾಗಿರಲಿಲ್ಲ. ಗಂಡಸರಿಗೆ ಕೌಪೀನ, ಲಂಗೋಟಿ, ಇಲ್ಲವೆ ಸೊಂಟಕ್ಕೆ ಸುತ್ತಿದ ಬೈರಾಸು ಸಾಕಾಗುತ್ತಿತ್ತು. ಹೆಂಗಸರು ಉಟ್ಟ ಸೀರೆಯಲ್ಲಿಯೇ ಕೆರೆಗೂ ಹೊಳೆಗೂ ಇಳಿಯುತ್ತಿದ್ದರು. ಇವು ಯಾವುವೂ ಈಜಿಗಾಗಿ ಹುಟ್ಟಿದ ಬಟ್ಟೆಗಳಲ್ಲ. 'ಈಜುಡುಗೆ' ಎಂಬ ಪದ ಹೊರಗಿನಿಂದ ಬಂದ ವಸ್ತುವೊಂದಕ್ಕೆ ಕನ್ನಡದ ಎರಡು ಪದಗಳನ್ನು ಕೂಡಿಸಿ ಮಾಡಿಕೊಂಡ ಸಮಾಸ. ಅಲ್ಲಿನ ಲೋಪಸಂಧಿಯನ್ನು ಬಿಡಿಸುವುದು ಸುಲಭ. ಆ ವಸ್ತುವಿನ ಹಿಂದಿರುವ ಚರಿತ್ರೆಯನ್ನು ಬಿಡಿಸುವುದು ಅಷ್ಟು ಸುಲಭವಲ್ಲ.

ಈಜುಡುಗೆ ಒಂದೇ ವೇಳೆಯಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದ ಬಟ್ಟೆ. ಮೈ ನೀರಿನಲ್ಲಿ ಹೇಗೆ ಸಾಗಬೇಕು ಎಂಬುದು ಮೊದಲನೆಯದು. ಮೈ ನೋಡುವವರ ಕಣ್ಣಿಗೆ ಹೇಗೆ ಕಾಣಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಕೊಡುವುದು ಭೌತಶಾಸ್ತ್ರ, ಎರಡನೆಯದಕ್ಕೆ ಸಮಾಜ. ಕಳೆದ ಎರಡು ಶತಮಾನಗಳಲ್ಲಿ ಈ ಉಡುಗೆಯ ಸುತ್ತ ನಡೆದ ಜಗಳಗಳನ್ನು ಸಾಲಾಗಿ ಇಟ್ಟು ನೋಡಿದರೆ, ಬಟ್ಟೆಯ ಅಳತೆಯನ್ನು ಯಾರು ಗೊತ್ತುಮಾಡುತ್ತಾರೋ ಅವರೇ ನೀರಿಗೆ ಇಳಿಯುವವರು ಯಾರೆಂಬುದನ್ನೂ ಗೊತ್ತುಮಾಡಿದ್ದಾರೆ ಎಂಬುದು ಕಂಡುಬರುತ್ತದೆ. ಈ ಮಾತನ್ನು ಕ್ರೀಡೆ, ದಿನನಿತ್ಯದ ಬದುಕು ಎರಡರ ಉದಾಹರಣೆಗಳಿಂದಲೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೀರು ಬಟ್ಟೆಯನ್ನು ಹೇಗೆ ನಡೆಸಿಕೊಳ್ಳುತ್ತದೆ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ನೆಲದ ಮೇಲೆ ಓಡುವವನಿಗೆ ಗಾಳಿಯ ತಡೆ ಅಷ್ಟಾಗಿ ತಿಳಿಯುವುದಿಲ್ಲ; ಈಜುವವನಿಗೆ ಮಾತ್ರ ಪ್ರತಿ ಅಂಗುಲವೂ ತಡೆಯೇ. 100 ಮೀಟರ್ ದೂರವನ್ನು 50 ಸೆಕೆಂಡುಗಳಲ್ಲಿ ಈಜುವ ಶ್ರೇಷ್ಠ ಕ್ರೀಡಾಪಟುವಿನ ಸರಾಸರಿ ವೇಗ ಗಂಟೆಗೆ 7.2 ಕಿಲೋಮೀಟರ್ ಮಾತ್ರ. ಬಿರುಸಾಗಿ ನಡೆಯುವವನ ವೇಗಕ್ಕಿಂತ ಅದು ತುಸುವೇ ಹೆಚ್ಚು. ವೇಗ ಇಮ್ಮಡಿಯಾದರೆ ತಡೆ ಹೆಚ್ಚುಕಡಮೆ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ತೋಳಿನ ಬಲವನ್ನು ಹೆಚ್ಚಿಸುವುದಕ್ಕಿಂತ ತಡೆಯನ್ನು ತಗ್ಗಿಸುವುದೇ ಈಜಿನಲ್ಲಿ ಹೆಚ್ಚು ಫಲಕಾರಿ.

ತಡೆ ಮೂರು ಬಗೆಯದು. ಮೈಯ ಆಕಾರದಿಂದ ಹುಟ್ಟುವುದು ಒಂದು: ಕಾಲುಗಳು ಕೆಳಗೆ ಜೋತುಬಿದ್ದಷ್ಟೂ ನೀರಿಗೆ ಎದುರಾಗುವ ಮೈಯ ವಿಸ್ತಾರ ಹೆಚ್ಚುತ್ತದೆ. ಚರ್ಮ ಇಲ್ಲವೆ ಬಟ್ಟೆಯ ಮೇಲೆ ನೀರು ಉಜ್ಜುವುದರಿಂದ ಹುಟ್ಟುವುದು ಎರಡನೆಯದು. ನೀರಿನ ಮೇಲ್ಮೈಯಲ್ಲಿ ಅಲೆಗಳನ್ನು ಎಬ್ಬಿಸುವುದರಲ್ಲಿ ಕಳೆದುಹೋಗುವ ಶಕ್ತಿ ಮೂರನೆಯದು. ಸಡಿಲವಾದ ಬಟ್ಟೆ ಮೊದಲೆರಡನ್ನೂ ಹೆಚ್ಚಿಸುತ್ತದೆ. ಅದರ ಮಡಿಕೆಗಳಲ್ಲಿ ನೀರು ಚೀಲದಲ್ಲಿ ತುಂಬಿಕೊಳ್ಳುವಂತೆ ತುಂಬಿಕೊಂಡು, ಈಜುವವನು ತನ್ನ ಮೈಯ ಜೊತೆಗೆ ಆ ನೀರನ್ನೂ ಎಳೆದುಕೊಂಡು ಹೋಗಬೇಕಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ನೆನೆದ ಬಟ್ಟೆ ತನ್ನ ಭಾರದಿಂದ ಮನುಷ್ಯನನ್ನು ಮುಳುಗಿಸುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬಟ್ಟೆ ಹೀರಿಕೊಂಡ ನೀರಿಗೆ ನೀರಿನೊಳಗೆ ಭಾರವಿಲ್ಲ. ಸುತ್ತಲಿನ ನೀರೇ ಅದನ್ನು ಹೊತ್ತುಕೊಂಡಿರುತ್ತದೆ. ನಿಜವಾದ ಅಪಾಯ ಬೇರೆ ಎರಡು ಕಡೆಗಳಲ್ಲಿದೆ. ಸುತ್ತಿಕೊಳ್ಳುವ ಬಟ್ಟೆ ಕಾಲು ಬಡಿಯಲು ಬಿಡುವುದಿಲ್ಲ, ತೋಳು ಚಾಚಲು ಬಿಡುವುದಿಲ್ಲ. ಹೀಗಾಗಿ ಈಜುವವರು ಬೇಗನೆ ದಣಿಯುತ್ತಾರೆ. ಇನ್ನು ದಡವನ್ನು ಹಿಡಿದು ಮೇಲೇರಲು ಹೊರಟ ಕ್ಷಣದಲ್ಲಿ, ಅದುವರೆಗೆ ಇಲ್ಲದ ಭಾರವೆಲ್ಲ ಒಮ್ಮೆಗೇ ಹೆಗಲಿಗೆ ಬೀಳುತ್ತದೆ. ದಣಿದ ಕೈಗಳಿಗೆ ಆ ಹೊತ್ತಿನಲ್ಲಿ ಅದು ಎತ್ತಲಾರದ ಹೊರೆ.

ಈಜಲು ಬಿಡದ ಈಜುಡುಗೆ

ಯೂರೋಪಿನಲ್ಲಿ ಕಡಲಸ್ನಾನ ಹದಿನೆಂಟನೆಯ ಶತಮಾನದಲ್ಲಿ ವೈದ್ಯರ ಸಲಹೆಯಿಂದ ರೂಢಿಗೆ ಬಂತು. ಆಗಿನ ಉಡುಗೆ ಈಜಲಿಕ್ಕೆ ಅಲ್ಲ, ಮೀಯಲಿಕ್ಕೆ. ಇಂಗ್ಲೆಂಡಿನ ಕಡಲತೀರಗಳಲ್ಲಿ ಗಾಲಿಗಳ ಮೇಲಿನ ಮರದ ಗೂಡುಗಳನ್ನು ಕುದುರೆ ಕಟ್ಟಿ ನೀರಿನವರೆಗೆ ಎಳೆದೊಯ್ಯುತ್ತಿದ್ದರು. ಹೆಂಗಸರು ಒಳಗೇ ಬಟ್ಟೆ ಬದಲಿಸಿ, ಯಾರ ಕಣ್ಣಿಗೂ ಬೀಳದಂತೆ ನೇರವಾಗಿ ನೀರಿಗೆ ಇಳಿಯುತ್ತಿದ್ದರು. ಅಮೆರಿಕದ ಮೊದಲ ಅಧ್ಯಕ್ಷರ ಪತ್ನಿ ಮಾರ್ಥಾ ವಾಷಿಂಗ್ಟನ್ ಅವರ ಸ್ನಾನದ ನಿಲುವಂಗಿ ಇಂದಿಗೂ ಮೌಂಟ್ ವೆರ್ನನ್‌ನಲ್ಲಿ ಉಳಿದಿದೆ. ನೀಲಿ, ಬಿಳಿ ಚೌಕುಳಿಯ ಆ ನಾರುಬಟ್ಟೆಯ ಅಂಚಿನಲ್ಲಿ ಸೀಸದ ಬಿಲ್ಲೆಗಳನ್ನು ಹೊಲಿದಿದ್ದಾರೆ. ನೀರಿನಲ್ಲಿ ಬಟ್ಟೆ ಮೇಲಕ್ಕೆ ತೇಲಬಾರದೆಂಬುದೇ ಅದರ ಉದ್ದೇಶ. ನೀರಿಗೆ ಇಳಿಯುವವರ ಬಟ್ಟೆಗೆ ಸೀಸ ಕಟ್ಟಿದ ಕಾಲದಲ್ಲಿ ಎರಡನೆಯ ಪ್ರಶ್ನೆ ಮೊದಲನೆಯದನ್ನು ಎಷ್ಟರ ಮಟ್ಟಿಗೆ ಹಿಂದೆ ತಳ್ಳಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಕ್ರಮವನ್ನು ಅಲುಗಾಡಿಸಿದವರಲ್ಲಿ ಆಸ್ಟ್ರೇಲಿಯಾದ ಆನೆಟ್ ಕೆಲ್ಲರ್‌ಮನ್ ಮುಖ್ಯಳು. 1886ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಆಕೆಗೆ ಬಾಲ್ಯದಲ್ಲಿ ಕಾಲುಗಳು ದುರ್ಬಲವಾಗಿದ್ದು, ಲೋಹದ ಆಧಾರ ಕಟ್ಟಿಕೊಂಡು ನಡೆಯಬೇಕಾಗಿತ್ತು. ಕಾಲಿಗೆ ಬಲ ಬರಲೆಂದು ಕಲಿತ ಈಜು ಆಕೆಯ ಬದುಕಾಯಿತು. 1905ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಲು ಯತ್ನಿಸಿದಳು. ಲಂಡನ್ನಿನಲ್ಲಿ ರಾಜಮನೆತನದವರ ಮುಂದೆ ಬರಿಗಾಲಿನಲ್ಲಿ ಈಜು ಪ್ರದರ್ಶಿಸುವಂತಿಲ್ಲ ಎಂದಾಗ, ಗಂಡಸರ ಈಜುಡುಗೆಗೆ ಕರಿಯ ಕಾಲುಚೀಲಗಳನ್ನು ಹೊಲಿದು ಮೈಗಂಟಿದ ಒಂದೇ ತುಂಡಿನ ಉಡುಗೆಯನ್ನು ಮಾಡಿಕೊಂಡಳು. ಅದರಲ್ಲಿ ಕಾಲು ಕಾಣುತ್ತಿರಲಿಲ್ಲ, ಆದರೆ ಕಾಲು ಬಡಿಯಲು ಅಡ್ಡಿಯೂ ಇರಲಿಲ್ಲ. ಎರಡೂ ಪ್ರಶ್ನೆಗಳಿಗೆ ಒಂದೇ ಬಟ್ಟೆಯಲ್ಲಿ ಉತ್ತರ ಕೊಟ್ಟ ಜಾಣ್ಮೆ ಅದು. ಮುಂದೆ ಅಮೆರಿಕದ ಬಾಸ್ಟನ್ ಬಳಿಯ ಕಡಲತೀರದಲ್ಲಿ ಇಂಥ ಉಡುಗೆಗಾಗಿಯೇ ತನ್ನನ್ನು ಬಂಧಿಸಿದರೆಂದು ಆಕೆ ಮುಪ್ಪಿನಲ್ಲಿ ಹೇಳಿಕೊಂಡಳು.

ಕ್ರೀಡಾಕಣದಲ್ಲಿ ಈ ಪ್ರಶ್ನೆ ಎದ್ದುನಿಂತುದು 1912ರಲ್ಲಿ. ಆ ವರ್ಷದ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಈಜು ಮೊದಲ ಬಾರಿಗೆ ಸೇರ್ಪಡೆಯಾಯಿತು. ಸಿಡ್ನಿಯ ಫ್ಯಾನಿ ಡ್ಯುರಾಕ್ ಮತ್ತು ಮೀನಾ ವೈಲಿ ಇಬ್ಬರೂ ಆಗ ಅಗ್ರಗಣ್ಯ ಈಜುಗಾರ್ತಿಯರು. ಆದರೆ ಗಂಡಸರು ಪ್ರೇಕ್ಷಕರಾಗಿ ಕುಳಿತಿರುವಲ್ಲಿ ಹೆಂಗಸರು ಸ್ಪರ್ಧಿಸಬಾರದೆಂದು ಅವರದೇ ರಾಜ್ಯದ ಮಹಿಳಾ ಈಜು ಸಂಘ ನಿಯಮ ಮಾಡಿತ್ತು. ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್ ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವರೆಂಬುದು ಗಮನಾರ್ಹ. ಮಹಿಳೆಯ ರಾಜಕೀಯ ಹಕ್ಕನ್ನು ಒಪ್ಪಿದವರೂ ಈಜುಡುಗೆಯಲ್ಲಿ ಆಕೆ ಪುರುಷರ ಕಣ್ಣಿಗೆ ಬೀಳುವುದನ್ನು ಒಪ್ಪಲಿಲ್ಲ. ಸಾರ್ವಜನಿಕರ ಒತ್ತಾಯಕ್ಕೆ ಮಣಿದು ಸಂಘ ನಿಯಮವನ್ನು ಸಡಿಲಿಸಿತು, ಸ್ಕಾಟ್ ರಾಜೀನಾಮೆಯಿತ್ತರು. ಡ್ಯುರಾಕ್ 100 ಮೀಟರ್ ಫ್ರೀಸ್ಟೈಲ್‌ನ ಅಂತಿಮ ಸ್ಪರ್ಧೆಯನ್ನು 1 ನಿಮಿಷ 22.2 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದಳು, ವೈಲಿಗೆ ಬೆಳ್ಳಿ ಸಂದಿತು. ನಿಯಮ ಸಡಿಲವಾಗದಿದ್ದಲ್ಲಿ ಜಗತ್ತಿನ ಅತ್ಯುತ್ತಮ ಈಜುಗಾರ್ತಿಯರಿಬ್ಬರು ಊರಿನಲ್ಲಿಯೇ ಉಳಿಯುತ್ತಿದ್ದರು.

ಉಣ್ಣೆಯಿಂದ ನೈಲಾನಿಗೆ

ಆ ಕಾಲದ ಈಜುಡುಗೆಗಳು ಹೆಚ್ಚಾಗಿ ಉಣ್ಣೆಯವು. ಉಣ್ಣೆ ನೀರನ್ನು ಹೀರಿ ಜೋತುಬೀಳುತ್ತದೆ, ಮೈಯನ್ನು ಉಜ್ಜುತ್ತದೆ. ಸ್ಪರ್ಧಿಗಳು ರೇಷ್ಮೆ ಮತ್ತು ತೆಳು ಹತ್ತಿಯ ಕಡೆಗೆ ಹೊರಳಿದುದು ಇದರಿಂದಾಗಿಯೇ. 1926ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲ ಮಹಿಳೆ ಗರ್ಟ್ರೂಡ್ ಎಡರ್ಲಿ, ಅದಕ್ಕಾಗಿ ಎರಡು ತುಂಡಿನ ರೇಷ್ಮೆಯ ಉಡುಗೆಯನ್ನು ತೊಟ್ಟಿದ್ದಳು. ಗಂಟೆಗಟ್ಟಲೆ ಉಪ್ಪುನೀರಿನಲ್ಲಿ ಮೈ ಉಜ್ಜಿ ಹುಣ್ಣಾಗದಿರಲಿ ಎಂಬುದಷ್ಟೇ ಅದರ ಹಿಂದಿನ ವಿಚಾರ. ಆಕೆ ತೆಗೆದುಕೊಂಡ ಸಮಯ ಅದುವರೆಗಿನ ಪುರುಷರ ದಾಖಲೆಯನ್ನೂ ಹಿಂದೆ ಹಾಕಿತು.

ಸ್ಕಾಟ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಬಂದ ಅಲೆಕ್ಸಾಂಡರ್ ಮ್ಯಾಕ್ರೇಯ ಹೆಣಿಗೆ ಕಾರ್ಖಾನೆ 1928ರಲ್ಲಿ 'ಸ್ಪೀಡೋ' ಎಂಬ ಹೆಸರಿನ ಉಡುಗೆಯನ್ನು ಹೊರತಂದಿತು. ಬೆನ್ನಿನ ಪಟ್ಟಿಗಳನ್ನು ನಡುವಿಗೆ ತಂದು ತೋಳಿಗೆ ಎಡೆ ಬಿಟ್ಟುದೇ ಅದರ ವಿಶೇಷ. ಇದರಿಂದ ಭುಜ ಸರಾಗವಾಗಿ ತಿರುಗುತ್ತಿತ್ತು. ಆದರೆ ಬೆನ್ನು ಹೆಚ್ಚು ಕಾಣುತ್ತಿತ್ತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಕ್ಲೇರ್ ಡೆನಿಸ್ ಭುಜದ ಮೂಳೆಯನ್ನು ಅತಿಯಾಗಿ ತೋರಿಸಿದಳೆಂಬ ಆಕ್ಷೇಪ ಬಂದು, ಆಕೆ ಅನರ್ಹಳಾಗುವ ಸಂಭವವಿತ್ತು. ಆಕ್ಷೇಪ ನಿಲ್ಲಲಿಲ್ಲ, 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಆಕೆ ಚಿನ್ನ ಗೆದ್ದಳು.

ಎರಡನೆಯ ಮಹಾಯುದ್ಧದ ಅನಂತರ ನೈಲಾನ್ ಬಂತು. 1958ರಲ್ಲಿ ಡ್ಯುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ರೂಪಿಸಿದ ಹಿಗ್ಗುವ ನೂಲು 'ಲೈಕ್ರಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, ಈಜುಡುಗೆಯನ್ನು ಎರಡನೆಯ ಚರ್ಮದಂತೆ ಮೈಗೆ ಹೊಂದಿಸಿತು. ಈ ಬಗೆಯ ತೆಳು ಉಡುಗೆಗೆ ಜಗತ್ತಿನ ಗಮನ ಹರಿದುದು 1973ರಲ್ಲಿ. ಬೆಲ್‌ಗ್ರೇಡಿನಲ್ಲಿ ನಡೆದ ಮೊದಲ ವಿಶ್ವ ಈಜು ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ 14 ಸ್ಪರ್ಧೆಗಳ ಪೈಕಿ 10ರಲ್ಲಿ ಪೂರ್ವ ಜರ್ಮನಿ ಗೆದ್ದಿತು. ಹಿಂದಿನ ವರ್ಷದ ಒಲಿಂಪಿಕ್ಸ್‌ನಲ್ಲಿ ಆ ದೇಶದ ಈಜುಗಾರ್ತಿಯರಿಗೆ ಒಂದು ಚಿನ್ನವೂ ದೊರೆತಿರಲಿಲ್ಲ. ಗೆಲುವಿನ ಗುಟ್ಟು ಮೈಗಂಟಿದ ಆ ಬಟ್ಟೆಯಲ್ಲಿದೆ ಎಂದು ಹಲವರು ನಂಬಿದರು. ಸರಕಾರವೇ ನಡೆಸುತ್ತಿದ್ದ ಮದ್ದು ಸೇವನೆಯ ಯೋಜನೆಯ ಕಡತಗಳು ಜರ್ಮನಿಯ ಏಕೀಕರಣದ ಬಳಿಕ ಹೊರಬಂದಾಗ, ಬಟ್ಟೆಗೆ ಸಂದ ಕೀರ್ತಿಯ ಬಹುಪಾಲು ಔಷಧಕ್ಕೆ ಸಲ್ಲಬೇಕಾದುದೆಂದು ತಿಳಿಯಿತು. ತಮಗೆ ಕೊಡುತ್ತಿದ್ದುದು ಏನೆಂಬುದೂ ತಿಳಿಯದೆ ಆ ಗುಳಿಗೆಗಳನ್ನು ನುಂಗಿದವರಲ್ಲಿ ಹದಿಹರೆಯದ ಹುಡುಗಿಯರಿದ್ದರು. ಕಣ್ಣಿಗೆ ಕಾಣುವ ಕಾರಣವೇ ನಿಜವಾದ ಕಾರಣವಾಗಿರಬೇಕೆಂದಿಲ್ಲ ಎಂಬುದಕ್ಕೆ ಇದೊಂದು ಕಹಿ ನಿದರ್ಶನ.

ವೇಗ ಯಾರದು?

ಉಡುಗೆ ಎಲ್ಲಿಯವರೆಗೆ ಉಡುಗೆ, ಎಲ್ಲಿಂದ ಅದು ಯಂತ್ರ ಎಂಬ ಪ್ರಶ್ನೆ ಈ ಶತಮಾನದ ಆರಂಭದಲ್ಲಿ ತೀವ್ರವಾಯಿತು. ವೇಗವನ್ನೋ ತೇಲುವಿಕೆಯನ್ನೋ ಹೆಚ್ಚಿಸುವ ಸಾಧನವನ್ನು ಈಜುಗಾರ ಬಳಸಬಾರದೆಂದು ಅಂತರರಾಷ್ಟ್ರೀಯ ಈಜು ಒಕ್ಕೂಟವಾದ ಫಿನಾದ ನಿಯಮ ಮೊದಲಿಂದಲೂ ಹೇಳುತ್ತಿತ್ತು. ಮೈಪೂರ್ತಿ ಮುಚ್ಚುವ ಹೊಸ ಉಡುಗೆಗಳು ಬಂದಾಗ, ಅವು 'ಸಾಧನ'ಗಳಲ್ಲ ಎಂದು 1999ರಲ್ಲಿ ಫಿನಾ ತೀರ್ಮಾನಿಸಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಇಯಾನ್ ಥೋರ್ಪ್ ಅಂಥ ಕರಿಯ ಉಡುಗೆಯಲ್ಲಿ ಗೆದ್ದರು. ಅದೇ ವರ್ಷ ಶಾರ್ಕ್ ಮೀನಿನ ಚರ್ಮದ ಮಾದರಿಯಲ್ಲಿ ನೆಯ್ದುದೆಂಬ ಪ್ರಚಾರದೊಂದಿಗೆ ಸ್ಪೀಡೋದ ಮತ್ತೊಂದು ಉಡುಗೆ ಬಂತು. ಹನ್ನೆರಡು ವರ್ಷಗಳ ಬಳಿಕ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ನಿಜವಾದ ಶಾರ್ಕ್ ಚರ್ಮದ ಹಲ್ಲುಗಳು ವೇಗವನ್ನು ಹೆಚ್ಚಿಸುತ್ತವೆ, ಆ ಬಟ್ಟೆಯ ಮೇಲ್ಮೈಗೆ ಅಂಥ ಗುಣವಿಲ್ಲ ಎಂದು ಕಂಡುಬಂತು.

2008ರ ಫೆಬ್ರುವರಿಯಲ್ಲಿ ಬಂದ 'ಎಲ್‌ಝಡ್‌ಆರ್ ರೇಸರ್' ಇದಕ್ಕಿಂತ ಬೇರೆ ಬಗೆಯದು. ಅದರ ಬಟ್ಟೆಯನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಗಾಳಿಸುರಂಗದಲ್ಲಿ ಪರೀಕ್ಷಿಸಿದ್ದರು. ಹೊಲಿಗೆಯ ಬದಲು ಶಬ್ದಾತೀತ ತರಂಗಗಳಿಂದ ಬೆಸೆದ ಅಂಚುಗಳು, ಅಲ್ಲಲ್ಲಿ ನೀರು ಹೀರದ ಪಾಲಿಯುರಿಥೇನ್ ಪಟ್ಟಿಗಳು ಅದರಲ್ಲಿದ್ದವು. ಅದನ್ನು ತೊಡಲು ಬಹಳ ಹೊತ್ತು ಹೆಣಗಬೇಕಾಗಿತ್ತು; ತೊಟ್ಟ ಮೇಲೆ ಮೈಯನ್ನು ಬಿಗಿದು ನೀಳವಾಗಿಸುತ್ತಿತ್ತು. ದಣಿದ ಈಜುಗಾರನ ಸೊಂಟ ಕೆಳಗೆ ಕುಸಿಯುವುದು ಸಹಜ. ಈ ಉಡುಗೆ ಸೊಂಟವನ್ನು ಕುಸಿಯಲು ಬಿಡುತ್ತಿರಲಿಲ್ಲ. ಬೀಜಿಂಗ್ ಒಲಿಂಪಿಕ್ಸ್‌ನ ಈಜುಕೊಳದಲ್ಲಿ ಮುರಿದ 25 ವಿಶ್ವದಾಖಲೆಗಳಲ್ಲಿ 23 ಈ ಉಡುಗೆ ತೊಟ್ಟವರದು.

ಮುಂದಿನ ವರ್ಷ ಇತರ ಕಂಪೆನಿಗಳು ಪೂರ್ತಿ ಪಾಲಿಯುರಿಥೇನ್‌ನಿಂದಲೇ ಉಡುಗೆ ಮಾಡಿದವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲಿಯೇ 43 ವಿಶ್ವದಾಖಲೆಗಳು ಮುರಿದುಬಿದ್ದವು. ಜರ್ಮನಿಯ ಪಾಲ್ ಬೀಡರ್‌ಮನ್ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಥೋರ್ಪ್ ಅವರ 3 ನಿಮಿಷ 40.08 ಸೆಕೆಂಡುಗಳ ದಾಖಲೆಯನ್ನು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಹಿಂದೆ ಹಾಕಿದರು; 200 ಮೀಟರ್‌ನಲ್ಲಿ 1 ನಿಮಿಷ 42 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಹಿಂದಿನ ವರ್ಷದ ಉಡುಗೆಯಲ್ಲಿದ್ದ ಮೈಕೆಲ್ ಫೆಲ್ಪ್ಸ್ ಅವರನ್ನು ಸೋಲಿಸಿದರು. ಉಡುಗೆ ತನಗೆ ನೆರವಾಯಿತೆಂಬುದನ್ನು ಬೀಡರ್‌ಮನ್ ಮರೆಮಾಚಲಿಲ್ಲ. ಅದೇ ರೋಮ್‌ನಲ್ಲಿ ಸೇರಿದ ಫಿನಾ ಮಹಾಸಭೆ 168–6 ಮತಗಳಿಂದ ಇಂಥ ಉಡುಗೆಗಳನ್ನು ಕೈಬಿಡಲು ನಿರ್ಧರಿಸಿತು. 2010ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ ಉಡುಗೆ ನೇಯ್ದ ಇಲ್ಲವೆ ಹೆಣೆದ ಬಟ್ಟೆಯದೇ ಆಗಿರಬೇಕು. ಅದರ ದಪ್ಪ 0.8 ಮಿಲಿಮೀಟರ್ ಮೀರಬಾರದು; ಪುರುಷರಿಗೆ ಹೊಕ್ಕುಳಿನಿಂದ ಮೊಣಕಾಲಿನವರೆಗೆ, ಮಹಿಳೆಯರಿಗೆ ಭುಜದಿಂದ ಮೊಣಕಾಲಿನವರೆಗೆ ಮಾತ್ರ ಇರಬೇಕು.

ಉಡುಗೆ ಹೋಯಿತು, ದಾಖಲೆಗಳು ಉಳಿದವು. ಬೀಡರ್‌ಮನ್‌ರ 200 ಮೀಟರ್ ದಾಖಲೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಮುಗಿದಾಗಲೂ ಅಳಿದಿರಲಿಲ್ಲ. 400 ಮೀಟರ್ ದಾಖಲೆಯನ್ನು ಅವರದೇ ದೇಶದ ಲೂಕಸ್ ಮಾರ್ಟೆನ್ಸ್ 2025ರಲ್ಲಿ ಮುರಿದರು. ಇನ್ನೊಂದು ಬದಿಯನ್ನೂ ನೋಡಬೇಕು. ಮಹಿಳೆಯರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ರೋಮ್‌ನ ದಾಖಲೆ 52.07 ಸೆಕೆಂಡುಗಳು; 2017ರಲ್ಲಿ ಸ್ವೀಡನ್ನಿನ ಸಾರಾ ಷೋಸ್ಟ್ರಮ್ ಬಟ್ಟೆಯ ಉಡುಗೆಯಲ್ಲಿಯೇ 51.71ಕ್ಕೆ ಇಳಿಸಿದರು. ಯಂತ್ರದ ನೆರವಿಲ್ಲದೆಯೂ ಮನುಷ್ಯ ಮುಂದುವರಿಯಬಲ್ಲನು, ತಡವಾಗಬಹುದು ಅಷ್ಟೆ. ನಿಯಮದ ಬಿಗಿ ಕ್ರೀಡೆಗೆ ಅಗತ್ಯವಾದುದು ಇಂಥಲ್ಲಿ. ದುಬಾರಿ ಉಡುಗೆಯನ್ನು ಕೊಳ್ಳಬಲ್ಲ ದೇಶಕ್ಕೂ ಕೊಳ್ಳಲಾರದ ದೇಶಕ್ಕೂ ನಡುವಿನ ಅಂತರವನ್ನು ಅದು ತುಸುವಾದರೂ ತಗ್ಗಿಸಿತು.

ಕಡಲತೀರದ ಕಾವಲು

ಸ್ಪರ್ಧೆಯ ನಿಯಮ ನ್ಯಾಯಕ್ಕಾಗಿ. ಕಡಲತೀರದ ನಿಯಮಗಳ ಹಿಂದೆ ಹೆಚ್ಚಾಗಿ ಇದ್ದುದು ಬೇರೆಯವರ ಮೈಯ ಮೇಲಿನ ಕಣ್ಗಾವಲು. 1922ರಲ್ಲಿ ಅಮೆರಿಕದ ರಾಜಧಾನಿಯ ಸ್ನಾನತೀರದಲ್ಲಿ ಹೆಂಗಸರ ಉಡುಗೆ ಮೊಣಕಾಲಿನಿಂದ 6 ಅಂಗುಲಕ್ಕಿಂತ ಮೇಲೆ ಹೋಗಬಾರದೆಂಬ ಆಜ್ಞೆಯಿತ್ತು. ಕಾವಲಿನವನು ಅಳತೆಪಟ್ಟಿ ಹಿಡಿದು ಮಂಡಿಯೂರಿ ಅಳೆಯುತ್ತಿರುವ ಛಾಯಾಚಿತ್ರ ಈಗಲೂ ಇದೆ.

ಅಳತೆಪಟ್ಟಿಯನ್ನು ಅಣಕಿಸಿದಂತೆ 1946ರ ಜುಲೈ 5ರಂದು ಪ್ಯಾರಿಸ್ಸಿನಲ್ಲಿ ಲೂಯಿ ರೇಯಾರ್ ಎಂಬಾತ ನಾಲ್ಕು ಬಟ್ಟೆಚೂರುಗಳ ಈಜುಡುಗೆಯನ್ನು ಪ್ರದರ್ಶಿಸಿದ. ನಾಲ್ಕು ದಿನ ಹಿಂದೆ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಅಣುಬಾಂಬನ್ನು ಪರೀಕ್ಷಿಸಿತ್ತು. ಸ್ಫೋಟದ ಸುದ್ದಿಯನ್ನು ಬಳಸಿಕೊಂಡು ಆತ ತನ್ನ ಉಡುಗೆಗೆ ಆ ಹೆಸರನ್ನೇ ಇಟ್ಟ. ಪರೀಕ್ಷೆಗಾಗಿ ದ್ವೀಪವನ್ನು ತೊರೆಯಬೇಕಾದ ಜನರ ಊರಿನ ಹೆಸರು ವಿಹಾರದ ಬಟ್ಟೆಯ ಹೆಸರಾಯಿತು. ಭಾಷೆಯ ವಿದ್ಯಾರ್ಥಿಗಳಿಗೆ ಇದರ ಮುಂದಿನ ಕಥೆ ಇನ್ನೂ ರೋಚಕ. ದ್ವೀಪವಾಸಿಗಳ ನುಡಿಯ ಆ ಹೆಸರಿನಲ್ಲಿರುವ 'ಬಿ'ಗೂ ಎರಡು ಎಂಬರ್ಥದ ಲ್ಯಾಟಿನ್ 'ಬೈ'ಗೂ ಸಂಬಂಧವಿಲ್ಲ. ಆದರೂ ಉಡುಗೆಗೆ ಎರಡು ಭಾಗಗಳಿದ್ದುದರಿಂದ ಜನ ಹಾಗೆ ಒಡೆದು ಓದಿದರು. 1964ರಲ್ಲಿ ಒಂದೇ ಭಾಗದ ಉಡುಗೆಗೆ 'ಮೊನೊಕಿನಿ' ಎಂಬ ಹೆಸರು ಹುಟ್ಟಿತು. ಇಲ್ಲದ ಪ್ರತ್ಯಯವೊಂದು ಹೀಗೆ ಜನನಿರುಕ್ತಿಯಿಂದ ಇದ್ದಂತಾಯಿತು.

ಅದೇ 'ಕಿನಿ' 2004ರಲ್ಲಿ ತದ್ವಿರುದ್ಧವಾದ ಉಡುಗೆಗೆ ಸೇರಿಕೊಂಡಿತು. ಲೆಬನಾನ್ ಮೂಲದ ಆಸ್ಟ್ರೇಲಿಯನ್ ವಿನ್ಯಾಸಕಿ ಅಹೇದಾ ಝನೆಟ್ಟಿ, ಮುಖ, ಕೈ, ಪಾದಗಳನ್ನು ಬಿಟ್ಟು ಉಳಿದ ಮೈಯನ್ನು ಮುಚ್ಚುವ ಹಗುರ ಈಜುಡುಗೆಯನ್ನು ರೂಪಿಸಿ 'ಬುರ್ಕಿನಿ' ಎಂದು ಕರೆದರು. ಮೈಮುಚ್ಚಿಕೊಳ್ಳಬಯಸುವ ಹುಡುಗಿಯರೂ ಆಟಕ್ಕೂ ನೀರಿಗೂ ಇಳಿಯುವಂತಾಗಲಿ ಎಂಬುದು ಅವರ ಆಶಯ. ಆಸ್ಟ್ರೇಲಿಯಾದ ಜೀವರಕ್ಷಕ ದಳದಲ್ಲಿ ಕೆಂಪು, ಹಳದಿ ಬಣ್ಣದ ಬುರ್ಕಿನಿ ತೊಟ್ಟ ಮುಸ್ಲಿಂ ಯುವತಿಯೂ ಸೇರಿದಳು. ಆದರೆ 2016ರ ಬೇಸಿಗೆಯಲ್ಲಿ ಫ್ರಾನ್ಸಿನ ಸುಮಾರು 30 ಪಟ್ಟಣಗಳು ತಮ್ಮ ಕಡಲತೀರಗಳಲ್ಲಿ ಅದನ್ನು ನಿಷೇಧಿಸಿದವು. ಆಗಸ್ಟ್ 26ರಂದು ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ ಒಂದು ಪಟ್ಟಣದ ನಿಷೇಧವನ್ನು ತಡೆಹಿಡಿಯಿತು. ಈಜುಕೊಳಗಳ ವಿಷಯದಲ್ಲಿ ಮಾತ್ರ 2022ರಲ್ಲಿ ಅದೇ ನ್ಯಾಯಾಲಯ ಗ್ರೆನೋಬಲ್ ನಗರ ಕೊಟ್ಟಿದ್ದ ಸಡಿಲಿಕೆಯನ್ನು ಒಪ್ಪಲಿಲ್ಲ. ತಣ್ಣೀರಿನಲ್ಲಿ ಮುಳುಗುವವರು ತೊಡುವ ರಬ್ಬರಿನ ಉಡುಗೆಯೂ ಮೈಯನ್ನು ಹೆಚ್ಚುಕಡಮೆ ಅಷ್ಟೇ ಮುಚ್ಚುತ್ತದೆ. ಚರ್ಮದ ಕ್ಯಾನ್ಸರನ್ನು ತಡೆಯಲು 1981ರಿಂದ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಚಾರ, ಮೈಮೇಲೆ ಅಂಗಿ ತೊಟ್ಟೇ ಬಿಸಿಲಿಗೆ ಹೋಗಿ ಎಂದು ಜನರಿಗೆ ಹೇಳಿತು. ತೋಳಿನ ಉದ್ದ ಒಂದೇ ಆದರೂ ಕಾರಣ ಬೇರೆಯಾದಾಗ ನೋಟ ಬೇರೆಯಾಗುತ್ತದೆ.

ಕ್ರೀಡೆಯೂ ಇದಕ್ಕೆ ಹೊರತಲ್ಲ. 2021ರ ಯೂರೋಪಿಯನ್ ಬೀಚ್ ಹ್ಯಾಂಡ್‌ಬಾಲ್ ಪಂದ್ಯಾವಳಿಯಲ್ಲಿ ಬಿಕಿನಿ ಚಡ್ಡಿಯ ಬದಲು ತುಸು ಉದ್ದದ ಚಡ್ಡಿ ತೊಟ್ಟುದಕ್ಕಾಗಿ ನಾರ್ವೆಯ ಮಹಿಳಾ ತಂಡಕ್ಕೆ 1,500 ಯೂರೋ ದಂಡ ಬಿತ್ತು. ಪುರುಷರು ಉದ್ದ ಚಡ್ಡಿಯಲ್ಲಿಯೇ ಆಡುತ್ತಿದ್ದರು. ಟೀಕೆಗೆ ಮಣಿದು ಅದೇ ವರ್ಷದೊಳಗೆ ನಿಯಮವನ್ನು ಬದಲಿಸಿದರು. ನೂರು ವರ್ಷಗಳ ಹಿಂದೆ ಮೈ ಕಂಡಿತೆಂದು ತಪ್ಪು. ಇಂದು ಮೈ ಕಾಣಲಿಲ್ಲವೆಂದು ತಪ್ಪು. ಅಳತೆಪಟ್ಟಿಯ ದಿಕ್ಕು ಬದಲಾಗಿದೆ, ಅದನ್ನು ಹಿಡಿದ ಕೈ ಬದಲಾಗಿಲ್ಲ.

ನಮ್ಮ ಕೆರೆ, ನಮ್ಮ ತೋಡು

ಭಾರತದ ಮಹಿಳೆಯರು ಒಲಿಂಪಿಕ್ಸ್ ಈಜುಕೊಳಕ್ಕೆ ಇಳಿದುದು 1952ರ ಹೆಲ್ಸಿಂಕಿಯಲ್ಲಿ. ಡಾಲಿ ನಜೀರ್ ಜೊತೆಗೆ ಹೋದ ಕೋಲ್ಕತ್ತದ ಆರತಿ ಸಾಹಾಗೆ ಆಗ 11 ವರ್ಷ. 1959ರ ಸೆಪ್ಟೆಂಬರ್ 29ರಂದು, ಮೊದಲ ಯತ್ನ ವಿಫಲವಾದ ಒಂದು ತಿಂಗಳಲ್ಲಿ, ಆಕೆ ಇಂಗ್ಲಿಷ್ ಕಾಲುವೆಯನ್ನು ದಾಟಿದ ಏಷ್ಯಾದ ಮೊದಲ ಮಹಿಳೆಯಾದಳು. ಆ ಕಾಲುವೆಯ ಈಜಿನ ನಿಯಮ ಇಂದಿಗೂ ಸರಳ: ಸಾಮಾನ್ಯ ಈಜುಡುಗೆ, ಒಂದು ಟೊಪ್ಪಿ, ಕನ್ನಡಕ, ಮೈಯನ್ನು ಬೆಚ್ಚಗಿಡುವ ಇಲ್ಲವೆ ತೇಲಿಸುವ ರಬ್ಬರಿನ ಉಡುಗೆ ಸಲ್ಲದು. 2000ದಲ್ಲಿ ಬೆಂಗಳೂರಿನ ನಿಶಾ ಮಿಲೆಟ್ ಸಿಡ್ನಿಯಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಇವರ ಸಾಧನೆಯ ಹಿಂದೆ ಪರಿಶ್ರಮವಿದೆ. ಮಗಳು ಈಜುಡುಗೆಯಲ್ಲಿ ನೀರಿಗೆ ಇಳಿಯಲಿ ಎಂದು ಒಪ್ಪಿದ ಮನೆಯೂ ಇದೆ.

ಆದರೆ ಈಜು ಪದಕಕ್ಕೆ ಮಾತ್ರ ಸಂಬಂಧಿಸಿದ ವಿದ್ಯೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಕಾಸರಗೋಡಿನಂಥ ನಾಡಿನಲ್ಲಿ ನೀರು ಎಲ್ಲೆಡೆಯೂ ಇದೆ: ಪಶ್ಚಿಮಕ್ಕೆ ಕಡಲು, ನಡುವೆ ಚಂದ್ರಗಿರಿ, ಶಿರಿಯ ಹೊಳೆಗಳು, ತೋಟಗಳ ಬದಿಗೆ ಕೆರೆ, ಮಳೆಗಾಲದಲ್ಲಿ ಉಕ್ಕುವ ತೋಡು. ಇಲ್ಲಿ ಈಜು ಬಲ್ಲ ಹುಡುಗರು ಬೈರಾಸು ಸುತ್ತಿಯೋ ಚಡ್ಡಿ ತೊಟ್ಟೋ ಕೆರೆಯಲ್ಲಿ ತಾವಾಗಿಯೇ ಕಲಿತವರು. ಹುಡುಗಿಯರಿಗೆ ಅಂಥ ಬಟ್ಟೆಯೂ ಅಂಥ ಬಿಡುವೂ ಸುಲಭವಾಗಿ ಸಿಗುವುದಿಲ್ಲ. ಸಡಿಲವಾದ ಚೂಡಿದಾರ, ಸುತ್ತಿಕೊಳ್ಳುವ ದುಪಟ್ಟಾ, ನೆರಿಗೆಯ ಸೀರೆ ಇವುಗಳಲ್ಲಿ ಕಾಲು ಬಡಿಯುವುದು ಹೇಗೆ ಕಷ್ಟವೆಂಬುದನ್ನು ಮೇಲೆಯೇ ವಿವರಿಸಿದೆ.

ಆದುದರಿಂದ ದುಬಾರಿ ಉಡುಗೆಯ ಹಂಬಲ ಬೇಡ. ಅದರ ಗುಣಗಳು ಸಾಕು. ಬಟ್ಟೆ ಮೈಗೆ ಹತ್ತಿರವಾಗಿರಬೇಕು, ನೀರು ಹೀರದ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಬೇಕು, ಜೋತುಬೀಳುವ ತುದಿಗಳೂ ದಾರಗಳೂ ಇರಬಾರದು. ಮೊಣಕಾಲಿನವರೆಗೆ ಇಲ್ಲವೆ ಪಾದದವರೆಗೆ ಬಿಗಿಯಾದ ಲೆಗ್ಗಿಂಗ್ಸ್, ಮೈಗಂಟಿದ ಉದ್ದ ತೋಳಿನ ಅಂಗಿ, ಒಂದು ಟೊಪ್ಪಿ, ಇಷ್ಟಿದ್ದರೂ ಅದು ಈಜುಡುಗೆಯೇ. ಈಜುಕೊಳಗಳಲ್ಲಿ ಹತ್ತಿಯ ಬಟ್ಟೆಯನ್ನು ಬೇಡವೆನ್ನುವುದಕ್ಕೆ ಕಾರಣ ಸಂಕೋಚವಲ್ಲ. ಅದರ ಎಳೆಗಳು ಬಿಟ್ಟುಕೊಂಡು ನೀರು ಸೋಸುವ ಯಂತ್ರಕ್ಕೆ ತೊಂದರೆಯಾಗುತ್ತದೆ. ಕೊಳದ ನೀರಿನ ಕ್ಲೋರಿನ್ ಹಿಗ್ಗುವ ನೂಲನ್ನು ಬೇಗ ಸವೆಸುವುದರಿಂದ, ಈಜಿದ ಕೂಡಲೇ ಉಡುಗೆಯನ್ನು ಶುದ್ಧ ನೀರಿನಲ್ಲಿ ಜಾಲಿಸಿ, ಹಿಂಡದೆ ನೆರಳಿನಲ್ಲಿ ಒಣಗಿಸಬೇಕು.

ಸೀಸದ ಬಿಲ್ಲೆ ಕಟ್ಟಿದ ನಿಲುವಂಗಿಯಿಂದ ಗಾಳಿಸುರಂಗದಲ್ಲಿ ಪರೀಕ್ಷಿಸಿದ ಉಡುಗೆಯವರೆಗೆ ಬಟ್ಟೆ ಬಹಳ ದೂರ ಸಾಗಿ ಬಂದಿದೆ. ಸ್ಪರ್ಧೆಯ ಕಣದಲ್ಲಿ ಅದಕ್ಕೆ ಮಿತಿ ಬೇಕು, ಏಕೆಂದರೆ ಅಲ್ಲಿ ಅಳೆಯಬೇಕಾದುದು ಮನುಷ್ಯನ ವೇಗವನ್ನು. ಕೆರೆಯ ದಡದಲ್ಲಿ, ಕಡಲತೀರದಲ್ಲಿ ಅದಕ್ಕೆ ಬೇಕಾದ ಮಿತಿ ಒಂದೇ: ಅದನ್ನು ತೊಟ್ಟವರು ಕೈಕಾಲು ಬಡಿಯುವಂತಿರಬೇಕು. ಎಷ್ಟು ಮುಚ್ಚಬೇಕು, ಎಷ್ಟು ತೆರೆಯಬೇಕು ಎಂಬುದನ್ನು ತೊಡುವವರೇ ಗೊತ್ತುಮಾಡಿಕೊಳ್ಳಲಿ. ಆ ಚರ್ಚೆ ಮುಗಿಯುವವರೆಗೆ ಹುಡುಗಿಯರನ್ನು ದಡದಲ್ಲಿ ನಿಲ್ಲಿಸುವುದು ಸರಿಯಲ್ಲ. ಮಳೆಗಾಲದ ತೋಡು ಆ ಚರ್ಚೆ ಮುಗಿಯಲೆಂದು ಕಾಯುವುದಿಲ್ಲ.